ಮಾವ ಬರೆದ ಸಮಜಾಯಿಷಿ

ನನಗೆ ಕಾರು ಓಡಿಸಲು ಕಲಿಸಿದವರು ನನ್ನ ಗಂಡನಲ್ಲ, ನನ್ನ ಮಾವ. ಗಂಡ ಪ್ರಯತ್ನವನ್ನೇ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾವು ಆಸ್ಟಿನ್‌ನಲ್ಲಿದ್ದಾಗ ಒಂದು ಭಾನುವಾರ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿ, ಹತ್ತೇ ನಿಮಿಷದಲ್ಲಿ ಎಷ್ಟು ಕೂಗಾಡಿದನೆಂದರೆ, ನಾನು ಕಾರನ್ನು ಎರಡು ಗೆರೆಗಳ ಮೇಲೆ ಅಡ್ಡಾದಿಡ್ಡಿ ನಿಲ್ಲಿಸಿ, ಕೀಲಿಯನ್ನು ಅವನ ಮಡಿಲಿಗೆ ಎಸೆದು ಇಳಿದುಬಿಟ್ಟೆ. ಜೂನ್ ತಿಂಗಳ ಬಿಸಿಲಲ್ಲಿ ಮನೆಯವರೆಗೂ ನಡೆದೆ. ಅವನು ನನ್ನ ಪಕ್ಕದಲ್ಲೇ ನಿಧಾನಕ್ಕೆ ಕಾರು ಬಿಡುತ್ತಾ, ಗಾಜು ಇಳಿಸಿ, "ಹತ್ತಿ ಕೂಡು ಮಾರಾಯ್ತಿ, ಮಂದಿ ನೋಡಾಕತ್ತಾರ" ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಿದ್ದ. ನಾನು ಹತ್ತಲಿಲ್ಲ. ನನ್ನ ಸಿಟ್ಟು ಅಂಥದ್ದು.

ಆ ಸಿಟ್ಟಿನ ಬಿಸಿ ತಟ್ಟಿದ್ದು ನನಗೇ. ಎರಡು ವರ್ಷ ಸ್ಟೀರಿಂಗ್ ಮುಟ್ಟಲಿಲ್ಲ. ಟೆಕ್ಸಾಸಿನಲ್ಲಿ ಕಾರು ಬಾರದವರ ಪಾಡು ಅನುಭವಿಸಿದವರಿಗೇ ಗೊತ್ತು. ಒಂದು ಕಟ್ಟು ಕೊತ್ತಂಬರಿಗೂ ಗಂಡ ಆಫೀಸಿನಿಂದ ಬರುವ ದಾರಿ ಕಾಯಬೇಕು. ಮಗಳಿಗೆ ಜ್ವರ ಬಂದಿದೆ ಎಂದು ಸ್ಕೂಲಿನಿಂದ ಫೋನ್ ಬಂದರೆ ಪಕ್ಕದ ಮನೆಯ ಬಾಗಿಲು ತಟ್ಟಬೇಕು. ಸ್ಕೂಟಿ ಮೇಲೆ ಧಾರವಾಡವನ್ನೆಲ್ಲ ಸುತ್ತಿದ್ದ ನಾನು ಕಿಟಕಿಯ ಹತ್ತಿರ ಕುಳಿತು ಬೇರೆಯವರ ಕಾರುಗಳನ್ನು ನೋಡುತ್ತಿದ್ದೆ. ನನ್ನ ಮೇಲೆ ನನಗೇ ಬೇಸರವಾಗುತ್ತಿತ್ತು.

ನಾವು ಡಲ್ಲಾಸ್‌ಗೆ ಶಿಫ್ಟ್ ಆದ ವರ್ಷ ಮಾವ ಆರು ತಿಂಗಳಿಗೆಂದು ಬಂದರು. ಅತ್ತೆ ಬರಲಿಲ್ಲ, ನಾದಿನಿಯ ಬಾಣಂತನಕ್ಕೆ ಗದಗದಲ್ಲೇ ಉಳಿದರು. ಮಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಅಷ್ಟೂ ವರ್ಷದಲ್ಲಿ ಅವರ ಬಸ್ಸು ಒಂದು ಕುರಿಮರಿಗೂ ತಾಗಿರಲಿಲ್ಲ. ಅದಕ್ಕಾಗಿ ಕೊಟ್ಟ ಬೆಳ್ಳಿ ಪದಕ ಗದಗದ ಮನೆಯಲ್ಲಿ ದೇವರ ಜಗಲಿಯ ಪಕ್ಕದಲ್ಲೇ ಇದೆ. ಮಾವ ಹೆಚ್ಚು ಮಾತಿನವರಲ್ಲ, ಜಂಬದವರಂತೂ ಅಲ್ಲವೇ ಅಲ್ಲ. ಆದರೆ ಆ ಪದಕದ ಮಾತು ಬಂದರೆ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಬಂದ ನಾಲ್ಕನೇ ದಿನ, "ಮನ್ಯಾಗ ಗಾಡಿ ಐತಿ, ಡ್ರೈವರ್ ಇಲ್ಲ. ಇದೆಂಥಾ ಡಿಪೋನವಾ?" ಎಂದು ಕೇಳಿದರು. ಆ ಶನಿವಾರದಿಂದಲೇ ಪಾಠ ಶುರು. ಲೈಸೆನ್ಸ್ ಇದ್ದವರು ಪಕ್ಕದಲ್ಲಿರಬೇಕೆಂಬ ಕಾನೂನಿಗಾಗಿ ಗಂಡ ಮುಂದಿನ ಸೀಟಿನಲ್ಲಿ, ಪಾಠಕ್ಕಾಗಿ ಮಾವ ಹಿಂದಿನ ಸೀಟಿನಲ್ಲಿ. ಗಂಡ ಬಾಯಿ ತೆರೆಯಕೂಡದು ಎಂದು ಅಪ್ಪನ ಆಜ್ಞೆಯಾಗಿತ್ತು. ಅವನು ತುಟಿ ಕಚ್ಚಿಕೊಂಡು, ಇಲ್ಲದ ಬ್ರೇಕನ್ನು ಒತ್ತುತ್ತಾ ಕೂತಿದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮಾವ ಒಮ್ಮೆಯೂ ದನಿ ಏರಿಸಲಿಲ್ಲ. ಗಾಡಿ ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಬರಬೇಕು, ನಾಲ್ಕೂ ಗಾಲಿ ನೋಡಬೇಕು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಹಿಂದೆ ಕೂತವರು ನಿದ್ದೆ ಮಾಡುವಂತೆ ಬ್ರೇಕ್ ಹಾಕಬೇಕು. ಇಷ್ಟೇ ಅವರ ಪಾಠ. ಒಮ್ಮೆ ನಾನು ಸಿಗ್ನಲ್ ಹತ್ತಿರ ನಿಲ್ಲಿಸಿ ತಿರುಗಿ ನೋಡಿದರೆ ಅವರು ನಿಜವಾಗಿಯೂ ನಿದ್ದೆ ಹೋಗಿದ್ದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರೂ ಕೊಟ್ಟಿಲ್ಲ.

ಎರಡು ತಿಂಗಳಲ್ಲಿ ಲೈಸೆನ್ಸ್ ಬಂತು. ಅಂದಿನಿಂದ ಮಾವ ಮುಂದಿನ ಸೀಟಿಗೆ ಬಂದರು. ಇಂಡಿಯನ್ ಸ್ಟೋರ್, ಲೈಬ್ರರಿ, ಮಗಳ ಸ್ವಿಮ್ಮಿಂಗ್, ಎಲ್ಲ ಕಡೆಗೂ ಇಬ್ಬರೂ ಹೊರಡುವುದೇ. "ಡ್ರೈವರ್ ಸಾಹೇಬ್ರ, ಇವತ್ತ ಯಾವ ರೂಟು?" ಎಂದು ಚಹಾ ಕುಡಿಯುತ್ತಲೇ ಕೇಳುತ್ತಿದ್ದರು. ನನ್ನ ಜೀವನ ಮತ್ತೆ ನನ್ನ ಕೈಗೆ ಬಂದಂತೆ ಅನ್ನಿಸುತ್ತಿದ್ದ ದಿನಗಳು ಅವು.

ಆ ಬೆಳಿಗ್ಗೆ ಮಗಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಅವಳಿಗಾಗ ಏಳು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಒಂದು ಕಾಲಿನ ಶೂ ಸಿಗದೆ ನಾವು ಹೊರಡುವುದು ತಡವಾಗಿತ್ತು. ಮನೆಯಿಂದ ಸ್ವಲ್ಪ ದೂರ ಹೋದ ಮೇಲೆ ನಮ್ಮ ಮುಂದೆ ಒಂದು ಹಳದಿ ಸ್ಕೂಲ್ ಬಸ್ಸು ನಿಂತಿತು. ಕೆಂಪು ದೀಪಗಳು ಮಿನುಗತೊಡಗಿದವು, ಎಡಬದಿಯಿಂದ ಸ್ಟಾಪ್ ಎಂಬ ಕೆಂಪು ಫಲಕ ಚಾಚಿಕೊಂಡಿತು. ನಾನು ಹಿಂದೆ ಸರಿಯಾಗಿಯೇ ನಿಲ್ಲಿಸಿದೆ. ಲೈಸೆನ್ಸಿನ ಪರೀಕ್ಷೆಗೆ ಓದಿದ್ದೆನಲ್ಲ, ಆ ಫಲಕ ಒಳಗೆ ಹೋಗುವವರೆಗೆ ಅಲುಗಾಡುವಂತಿಲ್ಲ.

ಆಗ ಬಸ್ಸಿನ ಡ್ರೈವರಿನ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಅಂಗೈ ಕೆಳಮುಖವಾಗಿ ಮೆಲ್ಲಗೆ ಆಡಿತು.

ನಮ್ಮ ಕಡೆಯ ರಸ್ತೆಯಲ್ಲಿ ಬಸ್ಸಿನ ಹಿಂದೆ ಹೋದವರಿಗೆಲ್ಲ ಆ ಕೈಯ ಪರಿಚಯವಿದೆ. ಮುಂದೆ ದಾರಿ ಖಾಲಿ ಇದೆ, ನಾನು ನಿಂತಿದ್ದೇನೆ, ನೀನು ಹೋಗು ಎಂದು ಡ್ರೈವರ್ ಹಿಂದಿನವರಿಗೆ ಸೈಡ್ ಕೊಡುವುದು ಹಾಗೆಯೇ. ಮಾವ ಮೂವತ್ತೊಂದು ವರ್ಷ ಹಾಗೆ ಕೈ ಹೊರಗೆ ಹಾಕಿ ಅದೆಷ್ಟು ಲಾರಿಗಳಿಗೆ, ಟೆಂಪೋಗಳಿಗೆ ದಾರಿ ಬಿಟ್ಟಿದ್ದರೋ. ಅಮೆರಿಕದಲ್ಲಿ ಮೊದಲ ಸಲ ತಮ್ಮ ಭಾಷೆ ಆಡುವವರೊಬ್ಬರು ಸಿಕ್ಕಂತೆ ಅವರ ಮುಖ ಅರಳಿತು.

"ಸೈಡ್ ಕೊಟ್ರು ನೋಡವಾ. ಹೊಡಿ."

"ಮಾವಾರ, ಬೋರ್ಡ್ ಇನ್ನೂ ಹೊರಗ ಐತ್ರಿ."

"ಡ್ರೈವರ್ ಸೈಡ್ ಕೊಟ್ಟ ಮ್ಯಾಲ ಇನ್ನೇನು ಬೋರ್ಡು? ಸಾವಕಾಶ ಹೋಗು."

ಹಿಂದಿನ ಸೀಟಿನಿಂದ ಮಗಳು, "ಅಮ್ಮಾ, ಯು ಹ್ಯಾವ್ ಟು ಸ್ಟಾಪ್!" ಎಂದು ಕೂಗಿದಳು. ನಾನು ಹೋದೆ. ನಿಧಾನವಾಗಿಯೇ ಹೋದೆ. ಬಸ್ಸನ್ನು ದಾಟುವಾಗ ಜೋರಾಗಿ ಒಂದು ಹಾರ್ನ್ ಕೇಳಿಸಿತು. ಮಾವ ಅದನ್ನೂ ಡ್ರೈವರಿನ ಸಲಾಮು ಎಂದೇ ತಿಳಿದುಕೊಂಡು, ಕಿಟಕಿಯಿಂದ ಕೈ ಎತ್ತಿ ಬಸ್ಸಿಗೆ ನಮಸ್ಕಾರ ಹೇಳಿದರು. ಹಲ್ಲಿನ ಡಾಕ್ಟರ ಹತ್ತಿರ ಹೊತ್ತಿಗೆ ಸರಿಯಾಗಿ ತಲುಪಿದೆವು, ಆ ಹಾರ್ನ್ ಮರೆತುಹೋಯಿತು.

ಎರಡು ಮೂರು ವಾರದ ಮೇಲೆ ಗಂಡನ ಹೆಸರಿಗೆ ಲಕೋಟೆ ಬಂತು. ಕಾರು ಅವನ ಹೆಸರಿನಲ್ಲಿತ್ತಲ್ಲ. ನಿಂತ ಸ್ಕೂಲ್ ಬಸ್ಸನ್ನು ದಾಟಿದ್ದಕ್ಕೆ ದಂಡ, ಜೊತೆಗೆ ಬಸ್ಸಿನ ಕ್ಯಾಮೆರಾ ತೆಗೆದ ಮೂರು ಫೋಟೋ. ಒಂದರಲ್ಲಿ ನಮ್ಮ ನಂಬರ್ ಪ್ಲೇಟು. ಇನ್ನೊಂದರಲ್ಲಿ ಮುಂದಿನ ಸೀಟಿನ ಕಿಟಕಿಯಿಂದ ಹೊರಬಂದ ಮಾವನ ಕೈ, ಅಂಗಿಯ ತೋಳು ಸಮೇತ. ವಿಡಿಯೋ ನೋಡಬೇಕಾದರೆ ಇಂಥ ಕಡೆ ನೋಡಿ ಎಂದು ಕೆಳಗೆ ಬರೆದಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂವರೂ ನೋಡಿದೆವು.

ಬಸ್ಸು ನಿಂತಿದೆ. ಕೆಂಪು ಫಲಕ ಹೊರಗಿದೆ. ಕಿಟಕಿಯಿಂದ ಕೈ ಬರುತ್ತದೆ. ಆ ಕೈ ಆಡುತ್ತಿರುವುದು ನಮಗಲ್ಲ. ರಸ್ತೆಯ ಆ ಬದಿಯಲ್ಲಿ, ತನಗಿಂತ ದೊಡ್ಡ ಬ್ಯಾಗು ಹೊತ್ತ ಒಬ್ಬಳು ಪುಟ್ಟ ಹುಡುಗಿ ನಿಂತಿದ್ದಾಳೆ. ಅವಳ ಒಂದು ಕಾಲು ಆಗಲೇ ರಸ್ತೆಗೆ ಇಳಿದಿದೆ. ನಿಲ್ಲು, ನಾನು ಹೇಳುವವರೆಗೆ ಬರಬೇಡ ಎಂದು ಆ ಕೈ ಅವಳಿಗೆ ಹೇಳುತ್ತಿದೆ. ಅವಳು ಡ್ರೈವರನ್ನೇ ನೋಡುತ್ತಿದ್ದಾಳೆ. ಆಗ ನಮ್ಮ ಕಾರು ಚೌಕಟ್ಟಿನೊಳಗೆ ಬರುತ್ತದೆ. ಹಾರ್ನ್ ಆಗುತ್ತದೆ, ಕೈ ನೆಟ್ಟಗೆ ಚಾಚಿಕೊಳ್ಳುತ್ತದೆ, ಹುಡುಗಿ ಕಾಲು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಅವಳ ಮುಂದಿನಿಂದ ನಾವು ಹಾದು ಹೋಗುತ್ತೇವೆ, ಕೈ ಎತ್ತಿ ನಮಸ್ಕಾರ ಹೇಳುತ್ತಾ.

ಇಷ್ಟೇ. ಅರ್ಧ ನಿಮಿಷವೂ ಇಲ್ಲ. ಕಾರಿನಲ್ಲಿ ಕೂತಾಗ ಬಸ್ಸಿನ ಮೇಲೇ ಕಣ್ಣಿಟ್ಟಿದ್ದ ನಮಗಿಬ್ಬರಿಗೂ ಆ ಹುಡುಗಿ ಕಂಡಿರಲೇ ಇಲ್ಲ.

"ಇನ್ನೊಮ್ಮೆ ಹಾಕು" ಎಂದರು ಮಾವ. ಹಾಕಿದೆ. "ಇನ್ನೊಮ್ಮೆ." ಮೂರನೇ ಸಲ ಮುಗಿದ ಮೇಲೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಗಂಡ ಹಿಂದಿನಿಂದ, "ಅಪ್ಪಾ, ಇದು ಗದಗ ಅಲ್ರಿ" ಎಂದುಬಿಟ್ಟ. ಅವನಿಗೂ ಭಯವಾಗಿತ್ತು, ಭಯವಾದಾಗ ಅವನ ಬಾಯಲ್ಲಿ ಬರುವುದೇ ಹಾಗೆ. ಆದರೂ ಆ ಮಾತಿಗಾಗಿ ನಾನು ಅವನೊಡನೆ ಎರಡು ದಿನ ಮಾತಾಡಲಿಲ್ಲ.

ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದೆ. ಇನ್ನು ಮುಟ್ಟುವುದಿಲ್ಲ ಎಂದು ನಿರ್ಧಾರ ಮಾಡಿದ್ದೆ. ಈ ಸಲ ಸಿಟ್ಟಲ್ಲ, ಹೆದರಿಕೆ. ಕಣ್ಣು ಮುಚ್ಚಿದರೆ ರಸ್ತೆಗೆ ಇಳಿದಿದ್ದ ಆ ಕಾಲು, ಅದರ ಬಿಳಿ ಶೂ. ಮಗಳ ಸ್ವಿಮ್ಮಿಂಗ್ ತಪ್ಪಿತು, ಲೈಬ್ರರಿ ತಪ್ಪಿತು. "ವೈ ಆರಂಟ್ ಯು ಡ್ರೈವಿಂಗ್?" ಎಂದು ಅವಳು ದಿನಾ ಕೇಳುವಳು. ಮೈ ಹುಷಾರಿಲ್ಲ ಎನ್ನುತ್ತಿದ್ದೆ. ನಾನು ಮತ್ತೆ ಕಿಟಕಿಯ ಹತ್ತಿರ ಬಂದು ಕುಳಿತಿದ್ದೆ. ಮಾವ ಒಂದು ರೊಟ್ಟಿ ತಿಂದು ಎದ್ದುಬಿಡುತ್ತಿದ್ದರು. ಯಾವ ರೂಟು ಎಂದು ಕೇಳುವುದನ್ನೂ ನಿಲ್ಲಿಸಿದ್ದರು.

ಐದನೆಯ ದಿನವೋ ಆರನೆಯ ದಿನವೋ, ನಾನು ಪಲ್ಯಕ್ಕೆ ಹೆಚ್ಚುತ್ತಿದ್ದಾಗ ಬಂದು, "ಗೆರಿ ಇಲ್ಲದ ಬಿಳಿ ಹಾಳಿ ಅದಾವೇನವಾ? ಒಂದು ಪೆನ್ನೂ ಬೇಕು" ಎಂದರು. ಪ್ರಿಂಟರಿನಿಂದ ನಾಲ್ಕು ಹಾಳೆ ತೆಗೆದು ಕೊಟ್ಟೆ. ಊಟದ ಮೇಜಿಗೆ ಕೂತು, ಹಾಳೆಯ ಎಡಗಡೆ ಅಂಚು ಮಡಚಿ ಮಾರ್ಜಿನ್ ಬಿಟ್ಟು, ಒಂದು ತಾಸು ಬರೆದರು. ಬರೆದಿದ್ದನ್ನು ಮತ್ತೆ ಶುದ್ಧವಾಗಿ ನಕಲು ಮಾಡಿದರು. ಏನದು ಎಂದರೆ, "ಸಮಜಾಯಿಷಿ" ಎಂದರು.

ಡಿಪೋದ ಪದ್ಧತಿಯಂತೆ ಅದು. ರೂಟಿನಲ್ಲಿ ಏನಾದರೂ ಎಡವಟ್ಟಾದರೆ ಮೇಲಿನಿಂದ ಮೆಮೋ ಬರುತ್ತದೆ. ಮೆಮೋ ಬಂದ ಡ್ರೈವರ್ ಏನು ನಡೆಯಿತು, ಯಾಕೆ ನಡೆಯಿತು ಎಂದು ಸ್ವಂತ ಕೈಯಿಂದ ಬರೆದು ಕೊಡಬೇಕು. ಮೂವತ್ತೊಂದು ವರ್ಷದಲ್ಲಿ ಮಾವನಿಗೆ ಬಂದ ಮೆಮೋಗಳು ಬಸ್ಸು ತಡವಾಗಿದ್ದಕ್ಕೆ, ಟೈರು ಪಂಚರ್ ಆಗಿದ್ದಕ್ಕೆ. ಒಂದು ಮಗುವಿನ ಕಾರಣಕ್ಕೆ ಬರೆಯುತ್ತಿರುವುದು ಇದೇ ಮೊದಲು ಎಂದರು.

ಸಂಜೆ ಗಂಡ ನೋಡಿ ನಕ್ಕ. "ಅಪ್ಪಾ, ದಂಡ ಕಟ್ಟಿದ್ರ ಮುಗೀತ್ರಿ. ಇಲ್ಲಿ ಯಾರೂ ಸಮಜಾಯಿಷಿ ಕೇಳಂಗಿಲ್ಲ."

"ಕೇಳ್ಲಿ, ಬಿಡ್ಲಿ. ಮೆಮೋ ಬಂದೈತಿ, ಕೊಡೂದು ನನ್ನ ಕೆಲಸ" ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಇದನ್ನ ಇಂಗ್ಲಿಷ್‌ನ್ಯಾಗ ಮಾಡಿ ಕಳಸು ತಂಗಿ."

ಅಡುಗೆಮನೆಯಲ್ಲಿ ನಿಂತೇ ಓದಿದೆ. ಅದರ ಒಂದೊಂದು ಸಾಲೂ ನನಗೆ ಬಾಯಿಪಾಠವಾಗಿದೆ.

"ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ದಿನ ಕಾರನ್ನು ನನ್ನ ಸೊಸೆ ಚಲಾಯಿಸುತ್ತಿದ್ದು, ಅವರು ಶಾಲಾ ಬಸ್ಸಿನ ಹಿಂದೆ ನಿಯಮದಂತೆ ಕಾರನ್ನು ನಿಲ್ಲಿಸಿರುತ್ತಾರೆ. ಬಸ್ಸಿನ ಚಾಲಕರು ಮಗುವಿಗೆ ತೋರಿದ ಕೈಯನ್ನು ನಾನು ನಮಗೆ ಸೈಡ್ ಕೊಟ್ಟಿದ್ದೆಂದು ತಪ್ಪಾಗಿ ತಿಳಿದು, ಮುಂದೆ ಹೋಗಲು ಹೇಳಿರುತ್ತೇನೆ. ತಪ್ಪು ಸಂಪೂರ್ಣವಾಗಿ ನನ್ನದಾಗಿರುತ್ತದೆ. ಸದರಿ ಬಸ್ಸಿನ ಚಾಲಕರು ಮಗುವನ್ನು ತಡೆದು ನಿಲ್ಲಿಸಿದ್ದರಿಂದ ಅನಾಹುತ ತಪ್ಪಿರುತ್ತದೆ. ಅವರ ಉಪಕಾರವನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಇದನ್ನು ಅವರ ಸೇವಾ ಪುಸ್ತಕದಲ್ಲಿ ನಮೂದಿಸಬೇಕೆಂದು ಕೋರುತ್ತೇನೆ. ನನ್ನ ಮೂವತ್ತೊಂದು ವರ್ಷಗಳ ಅಪಘಾತರಹಿತ ಸೇವೆಯ ದಾಖಲೆಯಲ್ಲಿ ಈ ಘಟನೆಯನ್ನೂ ಸೇರಿಸುವುದಾದರೆ ನನ್ನ ಅಭ್ಯಂತರವಿರುವುದಿಲ್ಲ. ಆದರೆ ನನ್ನ ಸೊಸೆಯ ಕೈ ಸ್ಥಿರವಾಗಿದ್ದು, ಬ್ರೇಕ್ ಹದವಾಗಿದ್ದು, ಅವರನ್ನು ಕರ್ತವ್ಯದ ಮೇಲೆ ಮುಂದುವರಿಸಬೇಕೆಂದು ಕಳಕಳಿಯ ಪ್ರಾರ್ಥನೆ."

ಕಣ್ಣೀರು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಹಾಳೆ ಹಿಡಿದುಕೊಂಡು ನೇರ ಅವರ ಕೋಣೆಗೆ ಹೋದೆ.

"ಮಾವಾರ, ಇದರಾಗ ಒಂದು ಸುಳ್ಳೈತ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾವ್ದು?"

"ತಪ್ಪು ಸಂಪೂರ್ಣ ನಿಮ್ದಲ್ರಿ. ಬೋರ್ಡ್ ನಾ ನೋಡಿದ್ದೆ. ರೂಲ್ ನನಗ ಗೊತ್ತಿತ್ತು. ಹಿಂದಿಂದ ಕೂಸು ಬ್ಯಾರೆ ಒದರ್ತು. ನಿಮ್ಮ ಮಾತು ಕೇಳಿ ಹೋದೆ ಅಂತ ಇಷ್ಟು ದಿನ ನನಗ ನಾನ ಹೇಳ್ಕೊಂಡೇನ್ರಿ. ಖರೇ ಅಂದ್ರ ತಡ ಆಗಿತ್ತು, ನನಗೂ ಹೋಗೂದ ಬೇಕಾಗಿತ್ತು. ಲೈಸೆನ್ಸ್ ನಂದು, ಕಾಲು ನಂದು."

ಅಷ್ಟು ಹೇಳಿದ ಮೇಲೆ ಮೈ ಹಗುರವಾಯಿತು. ಹಿರಿಯರ ಮಾತಿನ ಹಿಂದೆ ಅಡಗಿ ಕೂರುವುದು ಎಷ್ಟು ಸುಲಭ, ಅದನ್ನೇ ಗೌರವ ಎಂದು ಕರೆದುಕೊಳ್ಳುವುದೂ ಎಷ್ಟು ಸುಲಭ ಎಂದು ನನಗೆ ಅವತ್ತು ಗೊತ್ತಾಯಿತು. ಮಾವ ಉಳಿದಿದ್ದ ಹಾಳೆಗಳಲ್ಲಿ ಒಂದನ್ನು ತೆಗೆದು ನನ್ನ ಮುಂದೆ ಇಟ್ಟರು.

"ಹಂಗಾರ ನೀನೂ ಒಂದು ಬರಿ. ಮಾರ್ಜಿನ್ ಬಿಡು."

ಬರೆದೆ. ಅವರದನ್ನೂ ನನ್ನದನ್ನೂ ಇಂಗ್ಲಿಷ್ ಮಾಡಿ, ಅವರ ಕನ್ನಡ ಹಾಳೆಯನ್ನೂ ಜೊತೆಗಿಟ್ಟು, ದಂಡದೊಡನೆ ಕಳಿಸಿದೆವು. ಗಂಡ ಈ ಸಲ ನಗಲಿಲ್ಲ. ತಾನೇ ಅಂಚೆಚೀಟಿ ಅಂಟಿಸಿದ. ಅದಕ್ಕೆ ಮೊದಲು ಅಪ್ಪನ ಬರಹವನ್ನು ಆಫೀಸಿಗೆ ಒಯ್ದು ಒಂದು ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದ. ಅಪ್ಪನ ಹತ್ತಿರ ಏನು ಹೇಳಿದನೋ ಗೊತ್ತಿಲ್ಲ, ರಾತ್ರಿ ಊಟಕ್ಕೆ ಇಬ್ಬರೂ ಒಟ್ಟಿಗೆ ಕೂತಿದ್ದರು. ಮಾವ ಎರಡು ರೊಟ್ಟಿ ತಿಂದರು.

ನಮ್ಮ ಸಮಜಾಯಿಷಿಗೆ ಉತ್ತರ ಬರಲಿಲ್ಲ. ಯಾರಾದರೂ ಓದಿದರೋ ಇಲ್ಲವೋ, ಆ ಡ್ರೈವರಿಗೆ ಮುಟ್ಟಿತೋ ಇಲ್ಲವೋ ತಿಳಿಯದು. ಮಾವ ಊರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಆ ರಸ್ತೆಯ ಫುಟ್‌ಪಾತಿಗೆ ಹೋಗಿ ನಿಂತರು. ಬಸ್ಸು ಬಂತು. ಡ್ರೈವರ್ ನರೆಗೂದಲಿನ ಒಬ್ಬ ಹೆಂಗಸು. ಮಾವ ಎರಡೂ ಕೈ ಜೋಡಿಸಿದರು. ಆಕೆಗೆ ಈ ಮುದುಕ ಯಾರೆಂದು ಹೇಗೆ ಗೊತ್ತಾಗಬೇಕು? ಆದರೂ ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತಿ, ನಕ್ಕು ಹೋದಳು. "ಎದುರು ಬಂದ ಡ್ರೈವರ್‌ಗೆ ನಾವೂ ಹಂಗ ಬೆರಳು ಎತ್ತತಿದ್ವಿ" ಎಂದು ಮಾವ ಮನೆಗೆ ಬರುವವರೆಗೂ ಹೇಳಿದ್ದನ್ನೇ ಹೇಳಿದರು. ಆಕೆಯ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಆ ಕೈ ನೆನಪಾಗುತ್ತದೆ, ಆಕೆ ಚೆನ್ನಾಗಿರಲಿ ಎಂದುಕೊಳ್ಳುತ್ತೇನೆ.

ಈಗ ನಾವು ಹೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನಲ್ಲಿದ್ದೇವೆ. ಹೂಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ದಿನಾ ಹೋಗಿ ಬರುವ ದಾರಿಯಲ್ಲಿ ಕಡಿಮೆಯೆಂದರೂ ಎರಡು ಸ್ಕೂಲ್ ಬಸ್ಸುಗಳು ಸಿಗುತ್ತವೆ. ಇನ್ಶೂರೆನ್ಸ್ ಕಾಗದದ ಜೊತೆ ಆ ಜೆರಾಕ್ಸೂ ಕಾರಿನಲ್ಲೇ ಇರುತ್ತದೆ. ಮಾವ ಫೋನ್ ಮಾಡಿದಾಗ ಮೊದಲು ಕೇಳುವುದು ಮೊಮ್ಮಗಳನ್ನಲ್ಲ. "ಡ್ಯೂಟಿ ಮ್ಯಾಲ ಅದಿಯಿಲ್ಲೋ?" ಎಂದು ಕೇಳುತ್ತಾರೆ. ಅದೀನ್ರಿ ಮಾವಾರ ಎನ್ನುತ್ತೇನೆ.

ಆದರೆ ಇದೆಲ್ಲಕ್ಕಿಂತ ನನಗೆ ಹೆಚ್ಚು ನೆನಪಾಗುವುದು ಸಮಜಾಯಿಷಿ ಬರೆದ ಮರುದಿನದ ಬೆಳಿಗ್ಗೆ. ಮೊಳೆಯಿಂದ ಕೀಲಿ ತೆಗೆದವರು ಮಾವ. ನನ್ನ ಅಂಗೈಯಲ್ಲಿಟ್ಟು ಹೊರಗೆ ಹೋದರು. ನಾನು ಕಾರಿನ ಸುತ್ತ ಒಂದು ಸುತ್ತು ಬಂದೆ, ಗಾಲಿ ನೋಡಿದೆ, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬೇಕೆಂದೇ ಅದೇ ರಸ್ತೆಗೆ ಹೋದೆವು, ಅದೇ ಹೊತ್ತಿಗೆ.

ಬಸ್ಸು ನಿಂತಿತು. ನಾನು ಅದರ ಹಿಂದೆ ಸಾಕಷ್ಟು ಜಾಗ ಬಿಟ್ಟು ನಿಂತೆ. ಕಿಟಕಿಯಿಂದ ಆ ಕೈ ಬಂತು, ಅಂಗೈ ಕೆಳಮುಖವಾಗಿ ಆಡಿತು. ಆ ಬದಿಯಲ್ಲಿ ಅದೇ ಹುಡುಗಿ, ಅದೇ ದೊಡ್ಡ ಬ್ಯಾಗು. ನನ್ನ ಹಿಂದಿನ ಕಾರು ನಿಲ್ಲುವವರೆಗೆ, ಎದುರಿನಿಂದ ಬಂದ ಟ್ರಕ್ಕು ನಿಲ್ಲುವವರೆಗೆ ಆ ಕೈ ಅವಳನ್ನು ಹಿಡಿದಿಟ್ಟಿತು. ಆಮೇಲೆ ಅಂಗೈ ತಿರುಗಿಸಿ ಬಾ ಎಂದಿತು. ಹುಡುಗಿ ನಮ್ಮ ಕಡೆ ನೋಡಲೂ ಇಲ್ಲ. ರಸ್ತೆ ದಾಟಿ, ಬಸ್ಸಿನ ಮುಂದಿನಿಂದ ಹೋಗಿ ಹತ್ತಿದಳು. ಫಲಕ ಒಳಗೆ ಹೋಯಿತು, ದೀಪ ಆರಿತು, ಬಸ್ಸು ಹೊರಟಿತು.

ನಾನು ಇನ್ನೂ ನಿಂತೇ ಇದ್ದೆ. ಅಭ್ಯಾಸಬಲದಿಂದ ಕೇಳಿದೆ, "ಹೋಗ್ಲೇನ್ರಿ ಮಾವಾರ?"

ಅವರು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದರು.

"ನನ್ನ ಯಾಕ ಕೇಳ್ತಿ?" ಎಂದರು. "ಡ್ರೈವರ್ ನೀನು."

ನಾನು ಕನ್ನಡಿಗಳನ್ನು ನೋಡಿದೆ. ರಸ್ತೆಯ ಎರಡೂ ಬದಿ ನೋಡಿದೆ. ಬ್ರೇಕಿನ ಮೇಲಿಂದ ಕಾಲು ತೆಗೆದೆ.